ಮಿಸ್ಸೌರಿಯಲ್ಲಿ ಮೊದಲ ಟರ್ಕಿ ಬೇಟೆ: ಕಲಿಸುವವರು ಸಿಕ್ಕಿದ್ದಾರೆ, ಹೋಗುವ ಮುಂಚೆ ಏನು ಗೊತ್ತಿರಬೇಕು?

ಓಝಾರ್ಕ್_ಹೊಸಬ:
ಪರಿಚಯದ ಹಿರಿಯರೊಬ್ಬರು ಏಪ್ರಿಲ್‌ನಲ್ಲಿ ಟರ್ಕಿ (ಕೋಳಿಯಂಥ ದೊಡ್ಡ ಕಾಡುಹಕ್ಕಿ) ಬೇಟೆಗೆ ಕರೆದುಕೊಂಡು ಹೋಗ್ತೀನಿ ಅಂದಿದ್ದಾರೆ. ಕೋವಿಯೂ ಅವರದ್ದೇ: 20 ಗೇಜ್ (ನಳಿಗೆಯ ಅಗಲದ ಅಳತೆ), ತೋಟಾ ಕೂರುವ ಚೇಂಬರ್ 3 ಇಂಚಿಂದು. ನಾನಿರೋದು ಎಚ್-1ಬಿ ವೀಸಾದಲ್ಲಿ, ಹಂಟರ್ ಎಜುಕೇಶನ್ (ಬೇಟೆಗಾರರ ಸುರಕ್ಷತಾ ಕೋರ್ಸ್) ಆಗಿಲ್ಲ. ಕೈಯಲ್ಲಿ ಆರು ವಾರ ಇದೆ. ಅವರ ಬೆಳಗಿನ ಹೊತ್ತು ಹಾಳಾಗದ ಹಾಗೆ ಏನೇನು ಕಲಿತು ಹೋಗಬೇಕು? ಹಕ್ಕಿಯನ್ನು ಹತ್ತಿರ ಕರೆಯೋ ಕೂಗು ಹಾಕೋದನ್ನೂ ಕಲೀಬೇಕಾ?

ಕೋವಿ_ಕಾಗದ:
ಮೊದಲು ಕಾಗದಪತ್ರ, ಆಮೇಲೆ ಕೋವಿ. ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಎರವಲು ಕೋವಿಗೂ ಇದೇ ನಿಯಮ. "ಅವರದ್ದು ತಾನೇ, ಸ್ವಲ್ಪ ಹಿಡಿದುಕೊಂಡೆ ಅಷ್ಟೇ" ಅನ್ನುವ ಮಾತು ನಡೆಯುವುದಿಲ್ಲ. ಹಾಗಾಗಿ ಗುರಿ ಅಭ್ಯಾಸಕ್ಕೆ ಹೋಗುವ ಮುಂಚೆಯೇ ಪರವಾನಗಿ ಕೈಯಲ್ಲಿರಲಿ. ವೀಸಾ ವಿಷಯವಾದ್ದರಿಂದ ವಲಸೆ ವಕೀಲರನ್ನೂ ಒಂದು ಮಾತು ಕೇಳಿಬಿಡಿ.

ಮಿಸ್ಸೌರಿಯಲ್ಲಿ 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಬೇಕು. ಅದಿಲ್ಲದವರಿಗೆ ಅಪ್ರೆಂಟಿಸ್ ಅನುಮತಿ ಅಂತ ಒಂದು ದಾರಿ ಇದೆ, ಅರ್ಹ ಬೇಟೆಗಾರರು ಜೊತೆಗಿರಬೇಕು ಅಷ್ಟೇ. ಆದರೆ ಆರು ವಾರ ಇರುವಾಗ ಕೋರ್ಸನ್ನೇ ಮುಗಿಸಿಕೊಳ್ಳಿ.

ಚರೆ_ಲೆಕ್ಕ:
ಹೊಸಬರು ಎಡವುವುದು ಕೂಗಿನಲ್ಲಲ್ಲ, ಕೋವಿ ಚರೆಯನ್ನು ಹೇಗೆ ಚೆಲ್ಲುತ್ತದೆ ಅಂತ ಗೊತ್ತಿಲ್ಲದೆ ಹೋಗುವುದರಲ್ಲಿ. ಬೇಟೆಗೆ ಒಯ್ಯುವ ಅದೇ ತೋಟಾ, ಅದೇ ಚೋಕ್ (ಚರೆ ಚೆದುರದಂತೆ ನಳಿಗೆಯ ತುದಿಗೆ ಹಾಕುವ ಕಿರಿದಾದ ಕೊಳವೆ) ಹಾಕಿ ದೊಡ್ಡ ಕಾಗದದ ಮೇಲೆ 20, 30, 40 ಗಜದಿಂದ ಒಂದೊಂದು ಈಡು ಹೊಡೆಯಿರಿ. ಚರೆ ದಟ್ಟವಾಗಿ ಬಿದ್ದ ಕಡೆ 10 ಇಂಚಿನ ವೃತ್ತ ಬರೆದು ತೂತು ಎಣಿಸಿ. ತೂತು ನೂರಕ್ಕಿಂತ ಕಡಿಮೆ ಬಂದ ದೂರದಿಂದ ಹಕ್ಕಿಗೆ ಹೊಡೆಯಬೇಡಿ. 20 ಗೇಜಿನಲ್ಲಿ 5ನೇ ನಂಬರ್ (ನಂಬರ್ ಕಡಿಮೆಯಾದಷ್ಟೂ ಚರೆ ದಪ್ಪ) ಸೀಸದ ಚರೆಗೆ ಆ ಗಡಿ 30 ಗಜದ ಆಸುಪಾಸಿನಲ್ಲಿ ಬಂದರೆ ಬೇಜಾರು ಬೇಡ. ಟಂಗ್‌ಸ್ಟನ್ ಚರೆ ಇನ್ನೂ ದೂರ ಹಿಡಿಯುತ್ತದೆ, ಬೆಲೆ ಮಾತ್ರ ವಿಪರೀತ. ಮಿಸ್ಸೌರಿಯಲ್ಲಿ 4ನೇ ನಂಬರಿಗಿಂತ ದಪ್ಪ ಚರೆ ಟರ್ಕಿಗೆ ನಿಷಿದ್ಧ.

ತೀರಾ ಹತ್ತಿರವೂ ಕಷ್ಟವೇ. 10 ಗಜದಲ್ಲಿ ಚರೆಯ ಗೊಂಚಲು ಮುಷ್ಟಿಯಷ್ಟೇ ಇರುತ್ತದೆ, ತಲೆ ಅಲ್ಲಾಡಿದರೆ ಈಡು ವ್ಯರ್ಥ. ಗುರಿ ಇಡಬೇಕಾದದ್ದು ಕತ್ತಿನ ಬುಡಕ್ಕೆ, ಗರಿ ಮುಗಿದು ಬೋಳು ಚರ್ಮ ಶುರುವಾಗುವ ಜಾಗಕ್ಕೆ. ಎದೆಗೆ ಹೊಡೆದರೆ ಹಕ್ಕಿ ಗಾಯಗೊಂಡು ಓಡುತ್ತದೆ, ಮಾಂಸದಲ್ಲೂ ಚರೆ ಕೂರುತ್ತದೆ. ಈಡು ತಲೆಯ ಮೇಲೆ ಹಾರಿತೆಂದರೆ ಕಾರಣ ಹೆಚ್ಚಾಗಿ ಒಂದೇ: ಹಕ್ಕಿ ನೋಡುವ ಆತುರದಲ್ಲಿ ಕೆನ್ನೆ ಕೋವಿಯ ಹಿಂಬದಿಯ ಸ್ಟಾಕ್‌ನಿಂದ ಮೇಲೆದ್ದಿರುತ್ತದೆ.

ಹುಂಜ_ಕೂಗು:
ಕೂಗು ಈ ವರ್ಷ ಅವರಿಗೇ ಬಿಡಿ. ನಿಮ್ಮ ಕೆಲಸ ಅಲ್ಲಾಡದೆ ಕೂರುವುದು. ಭುಜಕ್ಕಿಂತ ಅಗಲ, ತಲೆಗಿಂತ ಎತ್ತರದ ಮರಕ್ಕೆ ಬೆನ್ನು ಕೊಡಿ. ಬಲಗೈಯವರಾದರೆ ಎಡಭುಜ ಹಕ್ಕಿ ಬರುವ ಕಡೆಗಿರಲಿ, ಕೋವಿ ಎಡ ಮೊಣಕಾಲಿನ ಮೇಲಿರಲಿ. ಮನೆಯಲ್ಲಿ ಹೀಗೆಯೇ ಗೋಡೆಗೊರಗಿ 40 ನಿಮಿಷ ಕೂತು ನೋಡಿ, ಮೆತ್ತೆ ಯಾಕೆ ಬೇಕೆಂದು ತಾನೇ ತಿಳಿಯುತ್ತದೆ. ಕೋವಿ ಸರಿಸುವುದಿದ್ದರೆ ಹುಂಜದ ತಲೆ ಮರದ ಹಿಂದೆ ಹೋದಾಗ, ಇಲ್ಲವೇ ಅದು ಬಾಲ ಬಿಚ್ಚಿ ಆ ಕಡೆ ತಿರುಗಿದಾಗ ಮಾತ್ರ.

ಕಲಿಸುವವರು ನಿಮ್ಮ ಪಕ್ಕ ಕೂರದೆ 30 ಗಜ ಹಿಂದೆ ಕೂತರೆ ಗಾಬರಿಯಾಗಬೇಡಿ. ಟರ್ಕಿಗಳಲ್ಲಿ ಸಾಮಾನ್ಯವಾಗಿ ಹೇಂಟೆಯೇ ಹುಂಜದ ಬಳಿಗೆ ಹೋಗುತ್ತದೆ. ಅದಕ್ಕೇ ಹುಂಜ 60 ಗಜದಲ್ಲಿ ನಿಂತು "ನೀನೇ ಬಾ" ಅಂತ ಕೂಗುತ್ತಿರುತ್ತದೆ. ಕೂಗುವವರು ಹಿಂದಿದ್ದರೆ ಅದು ನಿಲ್ಲುವ ಜಾಗ ನಿಮ್ಮ ಅಳತೆಯೊಳಗೆ ಬೀಳುತ್ತದೆ. ನಡುವೆ ಬೇಲಿಯೋ ತೊರೆಯೋ ಇದ್ದರೂ ಹೀಗೇ ನಿಲ್ಲುತ್ತದೆ, ಆದ್ದರಿಂದ ಜಾಗ ನೋಡುವಾಗಲೇ ಅದನ್ನು ಗಮನಿಸಿಕೊಳ್ಳಬೇಕು.

ಕೋವಿ_ಕಾಗದ:
@ಹುಂಜ_ಕೂಗು, ಒಂದು ಪಾಟ್ ಕಾಲ್ (ಸ್ಲೇಟಿನ ಮೇಲೆ ಕಡ್ಡಿ ಎಳೆದು ಕೂಗಿನ ಸದ್ದು ಮಾಡುವ ಸಾಧನ) ಆದರೂ ಕಲಿಯಲಿ ಬಿಡಿ. ಸ್ಲೇಟಿನ ಮೇಲೆ ಕಡ್ಡಿಯನ್ನು ಪೆನ್ಸಿಲ್ ಥರ ಓರೆ ಹಿಡಿದು, ತುದಿ ಎತ್ತದೆ ಸಣ್ಣ ಸುತ್ತು ಎಳೆದರೆ ಹೇಂಟೆಯ ಕೂಗು, ಯೆಲ್ಪ್, ಬರುತ್ತದೆ. ಸ್ಲೇಟಿಗೆ ಬೆರಳು ತಾಗಿಸಬಾರದು, ಚರ್ಮದ ಜಿಡ್ಡು ಹತ್ತಿದರೆ ಸದ್ದು ಜಾರುತ್ತದೆ. ಆಗ ಮರಳುಕಾಗದದಲ್ಲಿ ಉಜ್ಜಬೇಕು. ಹುಂಜದ ಗಾಬಲ್ ಕೂಗು ಮಾತ್ರ ಸಾರ್ವಜನಿಕ ಕಾಡಿನಲ್ಲಿ ಬೇಡವೇ ಬೇಡ, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹುಂಜ ಅಂದುಕೊಂಡು ತೆವಳಿ ಬಂದಾನು. ಕೆಂಪು, ಬಿಳಿ, ನೀಲಿ ಬಟ್ಟೆ ಕಾಲುಚೀಲದಲ್ಲೂ ಬೇಡ: ಹುಂಜದ ತಲೆಯ ಬಣ್ಣ ಅವೇ. ಯಾರಾದರೂ ಬರುವುದು ಕಂಡರೆ ಕೈ ಬೀಸದೆ, ಕೂತಲ್ಲಿಂದಲೇ ಜೋರಾಗಿ ಮಾತಾಡಿ.

ಓಝಾರ್ಕ್_ಹೊಸಬ:
ಧನ್ಯವಾದ ಎಲ್ಲರಿಗೂ. ಅವರ ಜೊತೆ ಮೊದಲೇ ಮಾತಾಡಿಕೊಳ್ಳಬೇಕಾದ್ದು ಏನಾದರೂ ಇದೆಯಾ? ಹಕ್ಕಿ ಬಿದ್ದ ಮೇಲೆ ಏನು ಮಾಡಬೇಕು?

ಹುಂಜ_ಕೂಗು:
ಮೂರು ಮಾತು. ಚೇಂಬರಿಗೆ ತೋಟಾ ಹಾಕುವುದು ಕೂತ ಮೇಲೆಯೇ. ಅವರು "ಹೊಡಿ" ಅನ್ನುವ ತನಕ ಸೇಫ್ಟಿ ತೆಗೆಯುವುದಿಲ್ಲ. ಅವರು ತೋರಿಸಿದ ಜಾಗಕ್ಕೆ ಕೇಳದೆ ಮತ್ತೆ ಹೋಗುವುದಿಲ್ಲ, ಫೋನಿನ ನಕ್ಷೆಯಲ್ಲಿ ಗುರುತು ಹಾಕುವುದೂ ಇಲ್ಲ. ಈ ಕೊನೆಯದನ್ನು ಅವರು ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಹಾಗಂತ ಮನಸ್ಸಿನಲ್ಲಿ ಇಲ್ಲವೆಂದಲ್ಲ. ಮಾರ್ಚ್‌ನಲ್ಲಿ ಜಾಗ ನೋಡಲು ಹೊರಟರೆ ಜೊತೆಗೆ ಹೋಗಿ. ಬಟ್ಟೆಗೆ ಪರ್ಮೆಥ್ರಿನ್ ಕೀಟನಾಶಕ ಸಿಂಪಡಿಸಿ ಒಣಗಿಸಿಕೊಳ್ಳಿ (ಮೈಗೆ ಅಲ್ಲ), ಉಣ್ಣೆಹುಳು ಬಲು ಜಾಸ್ತಿ.

ಹಕ್ಕಿ ಬಿದ್ದ ಕೂಡಲೇ ಪರ್ಮಿಟ್ ಗುರುತು ಮಾಡಿ, ಅದೇ ರಾತ್ರಿ 10ರೊಳಗೆ ರಾಜ್ಯದ ವನ್ಯಜೀವಿ ಇಲಾಖೆಗೆ ಟೆಲಿಚೆಕ್ (ಫೋನಿನಲ್ಲೋ ಆನ್‌ಲೈನ್‌ನಲ್ಲೋ ವರದಿ) ಮಾಡಬೇಕು. ಅಲ್ಲಿಯವರೆಗೆ ತಲೆ, ಪುಕ್ಕ ತೆಗೆಯುವಂತಿಲ್ಲ. ಕಾಡಿನಿಂದ ಹೊರಗೆ ತರುವಾಗ ಕಿತ್ತಳೆ ಬಣ್ಣದ ಚೀಲದಲ್ಲಿ ತನ್ನಿ.

ಚರೆ_ಲೆಕ್ಕ:
ಎದೆ ಮಾಂಸವನ್ನು ಎಳೆಗೆ ಅಡ್ಡವಾಗಿ ತೆಳ್ಳಗೆ ಕುಯ್ದು ಬೇಗ ಹುರಿಯಿರಿ, ಹೆಚ್ಚು ಹೊತ್ತಾದರೆ ಒಣ ಸೌದೆ. ಕಾಲುಗಳನ್ನು ಅನೇಕರು ಬಿಸಾಡುತ್ತಾರೆ, ನೀವು ಕೇಳಿ ಇಸ್ಕೊಳ್ಳಿ. ಕುಕ್ಕರ್‌ನಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಕು. ಬೆಂದ ಮೇಲೆ ಸೂಜಿಯಂಥ ಗಟ್ಟಿ ನರಗಳನ್ನು ಒಂದೊಂದಾಗಿ ಎಳೆದು ತೆಗೆದು, ಸಾರು ಸೋಸಿ. ಮುದ್ದೆಗೆ ಅದರಷ್ಟು ಚೆನ್ನಾಗಿ ಎದೆ ಮಾಂಸ ಕೂಡುವುದಿಲ್ಲ.