ಸಮುದ್ರದಲ್ಲಿ ಕೆಂಪು ಬೆಂಕಿ ಕಂಡರೆ

ಚಿಗವ್ವ, ಗೋಕರ್ಣ, ಮುರುಡೇಶ್ವರಕ್ಕೆ ಹೋದಾಗ ದೂರದ ದೋಣಿ ತೊಂದರೆಯಲ್ಲಿದೆ ಅಂತ ದಡದಲ್ಲಿರುವವರಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದಿರಲ್ಲ. ಟೈಪ್ ಮಾಡಿದರೆ ಮುಗಿಯಲ್ಲ, ಮಾತಲ್ಲೇ ಹೇಳುತ್ತೇನೆ. ಹಡಗಿನ ಕೆಲಸಕ್ಕೆ ಸೇರಿದವರೆಲ್ಲ ಇದನ್ನು ಕಲಿಯಲೇಬೇಕು.

ಮುಖ್ಯವಾಗಿ ಕೆಂಪು ಬೆಂಕಿ. ಪ್ಯಾರಾಚೂಟ್ ಫ್ಲೇರ್ ಅಂತ ಇದೆ, ಅಂದರೆ ತೊಂದರೆಯಲ್ಲಿರುವವರು ಸಹಾಯಕ್ಕಾಗಿ ಆಕಾಶಕ್ಕೆ ಹಾರಿಸುವ ಉರಿ. 300 ಮೀಟರ್ ಎತ್ತರಕ್ಕೆ ಹೋಗಿ, 40 ಸೆಕೆಂಡಾದರೂ ಉರಿಯುತ್ತಾ ನಿಧಾನಕ್ಕೆ ಇಳಿಯುತ್ತದೆ. ದೀಪಾವಳಿ ರಾಕೆಟ್ಟಿನ ಹಾಗೆ ಸಿಡಿದು ಚೆದುರುವುದಿಲ್ಲ. ಕೈಯಲ್ಲಿ ಹಿಡಿಯುವ ಫ್ಲೇರ್ ಸುಮಾರು ಒಂದು ನಿಮಿಷ ಉರಿಯುತ್ತದೆ. ಹಗಲಾದರೆ ಕಿತ್ತಳೆ ಬಣ್ಣದ ಹೊಗೆ. ಹಾಗಂತ ಕೆಂಪು ದೀಪ ಕಂಡಿದ್ದಕ್ಕೆಲ್ಲ ಗಾಬರಿ ಬೇಡ. ರಾತ್ರಿ ಓಡಾಡುವ ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಇರುವುದು ನಿಯಮ.

ಫ್ಲೇರ್ ಇಲ್ಲದ ಸಣ್ಣ ದೋಣಿಯವರು ಎರಡೂ ಕೈ ಅಗಲಕ್ಕೆ ಚಾಚಿ, ನಿಧಾನಕ್ಕೆ ಮೇಲೆತ್ತಿ, ಮತ್ತೆ ಇಳಿಸುತ್ತಾರೆ. ಮತ್ತೆ ಮತ್ತೆ. ಆನೆಗೊಂದಿ ಹತ್ತಿರ ಹರಿಗೋಲಿನಲ್ಲಿ ಕೂತವರು ಕೈ ಬೀಸಿದರೆ ನಾವೂ ಬೀಸುತ್ತೇವೆ, ಅಲ್ವಾ? ಸಮುದ್ರದಲ್ಲಿ ಕಂಡರೆ ಹಾಗೆ ಮಾಡಿ ಸುಮ್ನಾಗಬೇಡಿ. ಅವರು ಕಾಪಾಡಿ ಅಂತಿದ್ದಾರೆ.

ನನ್ನನ್ನು ಜಾಸ್ತಿ ಕಾಡುವುದು 1912ರ ಟೈಟಾನಿಕ್ ಕಥೆ. ಅದು ಮುಳುಗುವಾಗ ಆಕಾಶಕ್ಕೆ ಬಿಳಿ ರಾಕೆಟ್ ಹಾರಿಸಿತು. ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಅಧಿಕಾರಿಗಳು ಅದನ್ನು ಕಣ್ಣಾರೆ ಕಂಡರು. ಕ್ಯಾಪ್ಟನ್‌ಗೂ ಹೇಳಿದರು. ದೀಪದಲ್ಲಿ ಸಂಕೇತ ಕೊಟ್ಟು ನೋಡಿದರು. ಆದರೆ ಮಲಗಿದ್ದ ರೇಡಿಯೋ ಆಪರೇಟರ್‌ನನ್ನು ಬೆಳಗಾಗುವವರೆಗೂ ಎಬ್ಬಿಸಲಿಲ್ಲ. ಟೈಟಾನಿಕ್‌ನಲ್ಲಿದ್ದ ಸುಮಾರು 1,500 ಜನ ಸತ್ತರು. ಆ ಹಡಗು ಹೊರಟಿದ್ದರೂ ಎಷ್ಟು ಜನ ಉಳಿಯುತ್ತಿದ್ದರೋ ಹೇಳಲಾಗದು. ಆದರೆ ಕಂಡೂ ಹೋಗಲಿಲ್ಲವಲ್ಲ, ಅದೇ ಸಂಕಟ.

ಅದಕ್ಕೇ ಹೇಳುವುದು, ಅನುಮಾನ ಇದ್ದರೂ ಫೋನ್ ಮಾಡಿ. ಕೋಸ್ಟ್ ಗಾರ್ಡ್, ಅಂದರೆ ಕರಾವಳಿ ಕಾವಲು ಪಡೆಯ ನಂಬರ್ 1554. ಅದು ಸಿಗದಿದ್ದರೆ 112. ಎಷ್ಟು ಹೊತ್ತಿಗೆ ಕಂಡಿತು, ಯಾವ ಬಣ್ಣ, ನೀವು ಎಲ್ಲಿ ನಿಂತಿದ್ದೀರಿ, ಯಾವ ದಿಕ್ಕು ಅಂತ ಹೇಳಿ. ದಿಕ್ಕು ಬಹಳ ಮುಖ್ಯ. ಬೇರೆ ಕಡೆಯಿಂದ ಇನ್ನೊಬ್ಬರು ಕಂಡು ಹೇಳಿದರೆ, ನಕ್ಷೆಯಲ್ಲಿ ಇಬ್ಬರು ಹೇಳಿದ ದಿಕ್ಕಿಗೂ ಒಂದೊಂದು ಗೆರೆ ಎಳೆದರೆ, ಆ ಎರಡು ಗೆರೆ ಸೇರುವ ಜಾಗದ ಹತ್ತಿರವೇ ದೋಣಿ ಇರುತ್ತದೆ. ಹುಡುಕುವವರಿಗೆ ಎಷ್ಟೋ ಹೊತ್ತು ಉಳಿಯುತ್ತದೆ. ಹಾಗಾಗಿ ನಿಂತ ಜಾಗ ಬಿಟ್ಟು ಓಡಬೇಡಿ, ಅದೇ ಕಡೆ ನೋಡುತ್ತಿರಿ. ಒಬ್ಬರು ನೋಡಲಿ, ಇನ್ನೊಬ್ಬರು ಮಾತಾಡಲಿ. ವಿಡಿಯೋ ಆಮೇಲೆ.

ಗಂಗಾವತಿ ಬಿಡುವ ಮುಂಚೆ ಎಲ್ಲರೂ 1554 ಸೇವ್ ಮಾಡಿಕೊಳ್ಳಿ, ಡ್ರೈವರ್ ಅಣ್ಣನಿಗೂ ಹೇಳಿ. ಮತ್ತೆ ಚಿಗವ್ವ, ಬೋಟಿಂಗ್‌ಗೆ ಹೋದರೆ ಲೈಫ್ ಜಾಕೆಟ್ ಕೊಡದ ದೋಣಿಗೆ ಮಕ್ಕಳನ್ನು ಹತ್ತಿಸಲೇಬೇಡಿ.