ಹಂದಿಯ ಗಬ್ಬ ಪರೀಕ್ಷೆ: ಯಂತ್ರ ಸದ್ದು ಮಾಡಿತು, ಮರಿ ಮಾತ್ರ ಬರಲಿಲ್ಲ

ಪ್ರಶ್ನೆ (ಮುಧೋಳ ತಾಲ್ಲೂಕು)

ನಮ್ಮಲ್ಲಿ 14 ಯಾರ್ಕ್‌ಶೈರ್ ತಾಯಿಹಂದಿಗಳಿವೆ. ಗಬ್ಬ ನಿಂತಿದ್ದರೆ ಸದ್ದು ಮಾಡುವ, ಪರದೆಯಿಲ್ಲದ ಸಣ್ಣ ಅಲ್ಟ್ರಾಸೌಂಡ್ ಯಂತ್ರವೊಂದನ್ನು ಬಳಸುತ್ತಿದ್ದೇನೆ. ಗಂಡಿನೊಡನೆ ಕೂಡಿಸಿದ 22ನೆಯ ದಿನ ಬೆಳಿಗ್ಗೆ, ಮೇವು ಹಾಕುವ ಮೊದಲೇ ನೋಡಿದಾಗ 3 ಹಂದಿಗಳಿಗೆ ಸ್ಪಷ್ಟವಾಗಿ ಸದ್ದು ಬಂದಿತ್ತು. ಆದರೆ 114 ದಿನ ಕಳೆದು ಮತ್ತೊಂದು ವಾರ ಕಾದರೂ ಅವು ಮರಿ ಹಾಕಲಿಲ್ಲ. ದಿನಕ್ಕೆ 2 ಕಿಲೋದಂತೆ ಲೆಕ್ಕ ಹಿಡಿದರೂ ಪರೀಕ್ಷೆಯ ನಂತರ ಒಂದೊಂದಕ್ಕೂ ಸುಮಾರು 200 ಕಿಲೋ ಆಹಾರ ವ್ಯರ್ಥವಾಯಿತು. ಇದಕ್ಕೆ ತದ್ವಿರುದ್ಧವಾಗಿ, 90ನೆಯ ದಿನ ಪರೀಕ್ಷಿಸಿ ಬರಿದು ಎಂದು ಮಾರಲು ಹೊರಟಿದ್ದ ಹಂದಿಯೊಂದು 9 ಮರಿ ಹಾಕಿತು. ಯಂತ್ರ ಕೆಟ್ಟಿದೆಯೋ, ನನ್ನ ಕೈ ತಪ್ಪಿದೆಯೋ ತಿಳಿಯುತ್ತಿಲ್ಲ.

ಉತ್ತರ (ವಿಜಯಪುರ)

ಯಂತ್ರ ಕೆಟ್ಟಿಲ್ಲವೆಂದೇ ನನ್ನ ಅನಿಸಿಕೆ. ಅದು ಹೇಳದ ಮಾತನ್ನು ನೀವು ಕೇಳಿಸಿಕೊಂಡಿದ್ದೀರಿ. ಈ ಬಗೆಯ ಯಂತ್ರ ಮರಿಯನ್ನು ಗುರುತಿಸುವುದಿಲ್ಲ. ಹೊಟ್ಟೆಯೊಳಗೆ ಒಂದು ನಿಗದಿತ ಆಳದಲ್ಲಿ ದ್ರವ ತುಂಬಿದ ಚೀಲವಿದ್ದರೆ ಅದರ ಗೋಡೆಯಿಂದ ಮರಳಿ ಬರುವ ಪ್ರತಿಧ್ವನಿಗೆ ಸದ್ದು ಮಾಡುತ್ತದೆ, ಅಷ್ಟೆ. ರಾತ್ರಿಯಿಡೀ ಮಲಗಿದ್ದು ಎದ್ದ ಹಂದಿಯ ಮೂತ್ರಕೋಶವೂ ದ್ರವ ತುಂಬಿದ ಚೀಲವೇ ಆಗಿರುವುದರಿಂದ, ನಿಮ್ಮ ಮೂರು ಹಂದಿಗಳಲ್ಲಿ ಸದ್ದು ಮಾಡಿಸಿದ್ದು ಬಹುಶಃ ಅದೇ. ಮೇಲಾಗಿ 22ನೆಯ ದಿನಕ್ಕೆ ಗರ್ಭಕೋಶದಲ್ಲಿ ಈ ಯಂತ್ರಕ್ಕೆ ಸಾಕಾಗುವಷ್ಟು ದ್ರವ ಸೇರಿರುವುದಿಲ್ಲ. ಇದನ್ನು ನಂಬಬಹುದಾದ ಅವಧಿ ಸುಮಾರು 30ರಿಂದ 75ನೆಯ ದಿನದವರೆಗೆ ಮಾತ್ರ. ಆ ಬಳಿಕ ಮರಿಗಳು ಬೆಳೆದು ಜಾಗ ತುಂಬುತ್ತವೆ, ಅವುಗಳ ಗಾತ್ರಕ್ಕೆ ಹೋಲಿಸಿದರೆ ದ್ರವ ಕಡಿಮೆಯಾಗುತ್ತದೆ, ಯಂತ್ರ ಸುಮ್ಮನಾಗುತ್ತದೆ. ನಿಮ್ಮ 90ನೆಯ ದಿನದ ಹಂದಿಗೆ ಆದದ್ದು ಇದೇ.

ಪರದೆಯ ಮೇಲೆ ಚಿತ್ರ ತೋರಿಸುವ ಸ್ಕ್ಯಾನರ್ ಇದ್ದರೆ 24ನೆಯ ದಿನದಿಂದಲೇ ನೋಡಬಹುದಾದರೂ, ಹೊಸಬರು 28ರವರೆಗೆ ಕಾಯುವುದು ಒಳ್ಳೆಯದು. 3.5 ಅಥವಾ 5 ಮೆಗಾಹರ್ಟ್ಸ್‌ನ, ಮುಖ ಬಾಗಿದ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಭಾಗ) ತೊಡೆಯ ಸಂದಿನಲ್ಲಿ ಚೆನ್ನಾಗಿ ಕೂರುತ್ತದೆ. ಹಿಂಗಾಲಿನ ಮುಂದೆ, ಮೊಲೆಸಾಲಿಗಿಂತ ತುಸು ಮೇಲೆ, ಕೂದಲು ಕಡಿಮೆ ಇರುವ ಚರ್ಮವನ್ನು ಒರೆಸಿ ಜೆಲ್ ಧಾರಾಳವಾಗಿ ಹಚ್ಚಿ. ನಡುವೆ ಗಾಳಿ ಉಳಿದರೆ ಧ್ವನಿತರಂಗ ಒಳಗೆ ಹೋಗುವುದೇ ಇಲ್ಲ. ಆರಂಭದಲ್ಲಿ ಗರ್ಭಕೋಶ ಸೊಂಟದ ಗೂಡಿನ ಸಮೀಪದಲ್ಲೇ ಇರುವುದರಿಂದ ಪ್ರೋಬನ್ನು ಮೇಲಕ್ಕೆ, ಒಳಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗಿಸಿ ನಿಧಾನವಾಗಿ ಬೀಸಬೇಕು. ಮೊದಲು ಕಾಣುವುದು ಸಾಮಾನ್ಯವಾಗಿ ಮೂತ್ರಕೋಶ: ನುಣುಪಾದ ಅಂಚಿನ, ದೊಡ್ಡ, ಒಂಟಿ ಕಪ್ಪು ಆಕೃತಿ. ಗಬ್ಬವಾದರೆ ಅದರ ಆಚೆಗೆ ಸೊಟ್ಟಪಟ್ಟ ಅಂಚಿನ ಹಲವು ಸಣ್ಣ ಕಪ್ಪು ಕುಳಿಗಳು, ಪಡ್ಡಿನ ಹಂಚಿನ ಗುಳಿಗಳಂತೆ ಒತ್ತೊತ್ತಾಗಿ ಕಾಣುತ್ತವೆ. ಅನುಮಾನವಿದ್ದರೆ ಹಂದಿ ಮೂತ್ರ ಮಾಡುವವರೆಗೆ ಕಾದು ಮತ್ತೆ ನೋಡಿ, ಕುಗ್ಗಿದ್ದು ಮೂತ್ರಕೋಶ.

ಉತ್ತರ (ಅಥಣಿ)

ಒಂದು ಮಾತು ಸೇರಿಸುತ್ತೇನೆ. ಅಗ್ಗಕ್ಕೆ ಸಿಗುತ್ತದೆಂದು ಮನುಷ್ಯರ ಆಸ್ಪತ್ರೆಯ ಹಳೆಯ ಸ್ಕ್ಯಾನರ್ ಕೊಳ್ಳಲು ಹೋಗಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿಯಿಲ್ಲದವರಿಗೆ ಅಂಥ ಯಂತ್ರ ಮಾರುವುದು ಅಪರಾಧ. ನಾನಂತೂ ಯಂತ್ರವನ್ನೇ ಕೊಳ್ಳದೆ, ದನಗಳಿಗೆಂದು ಸ್ಕ್ಯಾನರ್ ಇಟ್ಟಿರುವ ಪಶುವೈದ್ಯರನ್ನು ಹಂದಿಗಳೆಲ್ಲ 28 ದಿನ ದಾಟಿದ ಮೇಲೆ ಒಮ್ಮೆಗೇ ಕರೆಸುತ್ತೇನೆ.

ಪ್ರಶ್ನಿಸಿದವರು ಮತ್ತೆ

ವೈದ್ಯರನ್ನು ಕರೆಸಿದೆ. ಮೂರರಲ್ಲಿ ಎರಡು ಅಷ್ಟರಲ್ಲಿ ಬೆದೆಗೆ ಬಂದಿದ್ದವು. ಅವುಗಳನ್ನು ಮತ್ತೆ ಕೂಡಿಸಿ 29ನೆಯ ದಿನ ತೋರಿಸಿದಾಗ ನೀವು ಹೇಳಿದ ಕುಳಿಗಳು ನನಗೂ ಕಂಡವು. ಮೂರನೆಯದು ಮಾತ್ರ ಇಷ್ಟು ದಿನವಾದರೂ ಬೆದೆಗೆ ಬಂದಿಲ್ಲ, ಅದರ ಗರ್ಭಕೋಶದಲ್ಲಿ ಏನೂ ಕಾಣುವುದಿಲ್ಲ. ಬರಿದಾದ ಹಂದಿ 21 ದಿನಕ್ಕೊಮ್ಮೆ ಬೆದೆಗೆ ಬರಬೇಕಲ್ಲವೇ? ಮಳೆಗೆ ಸಿಕ್ಕಿದ ಗೋವಿನಜೋಳವನ್ನು ಇವುಗಳಿಗೆ ಹಾಕಿದ್ದೆನೆಂಬುದನ್ನು ಆಗ ಹೇಳಿರಲಿಲ್ಲ.

ಉತ್ತರ (ವಿಜಯಪುರ)

ಅದನ್ನು ಮೊದಲೇ ಹೇಳಬೇಕಿತ್ತು. ಗೋವಿನಜೋಳಕ್ಕೆ ಹತ್ತುವ ಫ್ಯುಸೇರಿಯಂ ಬೂಷ್ಟು ಜಿಯರಲೆನೋನ್ ಎಂಬ ವಿಷವನ್ನು ಉಂಟುಮಾಡುತ್ತದೆ, ಅದು ಹಂದಿಯ ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುತ್ತದೆ. ಕೂಡಿಸಿದ 11-12ನೆಯ ದಿನ ಭ್ರೂಣಗಳು ತಾಯಿಗೆ ತಮ್ಮ ಇರವನ್ನು ತಿಳಿಸುವುದು ಈಸ್ಟ್ರೋಜನ್ ಸ್ರವಿಸಿಯೇ. ಆ ಹೊತ್ತಿಗೆ ಮೇವಿನಿಂದಲೇ ಅದೇ ಸಂಕೇತ ಬಂದರೆ ಅಂಡಾಶಯ ಮೋಸಹೋಗಿ, ಮರಿಯಿಲ್ಲದೆಯೂ ಬೆದೆಯನ್ನು ತಡೆಹಿಡಿಯುತ್ತದೆ. ಇದು ಹುಸಿಗಬ್ಬ. ಕುದಿಸಿದರೂ ಆ ವಿಷ ನಾಶವಾಗುವುದಿಲ್ಲ, ಆದ್ದರಿಂದ ಆ ಜೋಳವನ್ನು ಪೂರ್ತಿ ನಿಲ್ಲಿಸಿ. ಎಳೆಯ ಹೆಣ್ಣುಮರಿಗಳ ಯೋನಿಮುಖ ಕೆಂಪಾಗಿ ಊದಿಕೊಂಡಿದೆಯೇ ಎಂದೂ ನೋಡಿ. ಊದಿದ್ದರೆ ನನ್ನ ಶಂಕೆ ಬಲವಾಗುತ್ತದೆ.

ಜೋಳ ನಿಲ್ಲಿಸಿದ ಮೇಲೂ ಬೆದೆ ಬಾರದಿದ್ದರೆ ವೈದ್ಯರು ಪ್ರೋಸ್ಟಾಗ್ಲಾಂಡಿನ್ ಚುಚ್ಚುಮದ್ದು ಸೂಚಿಸಬಹುದು. ನಿಜವಾಗಿ ಗಬ್ಬವಾಗಿರುವ ಹಂದಿಗೆ ಅದನ್ನು ಕೊಟ್ಟರೆ ಗರ್ಭಪಾತವಾಗುತ್ತದೆ; ಹಾಗಾಗಿ ಅದಕ್ಕೂ ಮುನ್ನ, ಹಂದಿ ಮೂತ್ರ ಮಾಡಿದ ನಂತರ, ಎಡ ಬಲ ಎರಡೂ ಪಕ್ಕಗಳಿಂದ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ.