ವಕೀಲರನ್ನು ಕೇಳಿ: ಎಚ್-1ಬಿ, ಸಂಬಳ, ಸ್ಥಳೀಯರ ಕೆಲಸ

ಹಾಸನದ ಹುಡುಗ: ಮೇಡಂ, ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲೇ ಓದ್ತಿದ್ದೀನಿ. ಎಚ್-1ಬಿ ಉದ್ಯೋಗ ವೀಸಾಗೆ ಬದಲಾದರೆ ಹೊಸ ಅರ್ಜಿಗೆ ಹೇರಿದ ಆ 1 ಲಕ್ಷ ಡಾಲರ್ ಶುಲ್ಕ ಬೀಳುತ್ತಾ?

ವಕೀಲೆ: ದೇಶದೊಳಗೇ ಸ್ಟೇಟಸ್ ಬದಲಾವಣೆ ಮಂಜೂರಾದರೆ ಇಲ್ಲ. 2025ರ ಸೆಪ್ಟೆಂಬರ್ ಆದೇಶ ಮುಖ್ಯವಾಗಿ ಹೊರಗಿನಿಂದ ಬರುವವರ ಹೊಸ ಅರ್ಜಿಗೆ.

ಗುಬ್ಬಿ: ಕನ್ಸಲ್ಟೆನ್ಸಿ ಮೂಲಕ ಬಂದೆ. ಪ್ರಾಜೆಕ್ಟ್ ಮುಗಿದು ಬೆಂಚ್‌ನಲ್ಲಿದ್ದೀನಿ, ಸಂಬಳ ಇಲ್ಲ. "ದುಡ್ಡು ನೀನೇ ಕೊಡು, ಪೇ-ಸ್ಟಬ್ (ಸಂಬಳ ಚೀಟಿ) ಮಾಡಿ ಅದನ್ನೇ ಸಂಬಳ ಅಂತ ವಾಪಸ್ ಹಾಕ್ತೀವಿ" ಅಂತಾರೆ. ಒಂಬತ್ತು ವರ್ಷದ ಅನುಭವ ಇದೆ, ಎಲ್‌ಸಿಎಯಲ್ಲಿ (ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಸಂಬಳದ ಘೋಷಣೆ) ಮಾತ್ರ ಸಂಬಳ ಲೆವೆಲ್ 1. ಬಾಯಿ ಬಿಟ್ಟರೆ ವೀಸಾ ಹೋಗುತ್ತಾ?

ವಕೀಲೆ: ಒಂದು ಡಾಲರೂ ಕೊಡಬೇಡಿ. ಕೊಟ್ಟರೆ ಸುಳ್ಳು ಪೇ-ಸ್ಟಬ್‌ನಲ್ಲಿ ನೀವೂ ಪಾಲುದಾರರು. ಕೆಲಸವಿಲ್ಲ ಅಂತ ಕೂರಿಸಿದರೂ ಸಂಬಳ ಕೊಡಲೇಬೇಕು. ಅದಕ್ಕೇ ಮುಂದಿನ ವಾರ ಒಂದು ಪತ್ರ ಬರುತ್ತೆ ನೋಡಿ, "ವೈಯಕ್ತಿಕ ಕಾರಣಕ್ಕೆ ರಜೆ ಕೇಳುತ್ತಿದ್ದೇನೆ" ಅಂತ. ಸಹಿ ಹಾಕಿದಿರೋ, ಸಂಬಳದ ಹಕ್ಕು ಹೋಯಿತು. ಇಮೇಲ್, ವಾಟ್ಸಾಪ್ ಎಲ್ಲ ಇವತ್ತೇ ನಿಮ್ಮ ಸ್ವಂತ ಖಾತೆಗೆ ಉಳಿಸಿಕೊಳ್ಳಿ. ಕಾರ್ಮಿಕ ಇಲಾಖೆಗೆ ಡಬ್ಲ್ಯುಎಚ್-4 ನಮೂನೆಯಲ್ಲಿ ದೂರು ಕೊಡಬಹುದು, ತಪ್ಪು ನಡೆದ 12 ತಿಂಗಳೊಳಗೆ. ಜೊತೆಗೇ ಬೇರೆ ಕಂಪನಿ ಹುಡುಕಿ. ಪೇ-ಸ್ಟಬ್ ಇಲ್ಲದಿರುವುದು ವರ್ಗಾವಣೆಯಲ್ಲಿ ತೊಡಕಾಗಬಹುದು, ಆಗ ಈ ದೂರೇ ನಿಮಗೆ ಆಧಾರ.

ಲೆವೆಲ್ ಮಾತಿಗೆ ಬರೋಣ. ಲೆವೆಲ್ 1 ಅಂದರೆ ಆ ಊರಲ್ಲಿ ಆ ಕೆಲಸ ಮಾಡುವ ನೂರು ಜನರ ಸಂಬಳವನ್ನು ಕೆಳಗಿನಿಂದ ಜೋಡಿಸಿದರೆ ಸುಮಾರು 17ನೆಯವರದ್ದು. ಮಧ್ಯದವರ ಸಂಬಳ ಸಿಗೋದು ಲೆವೆಲ್ 3ಕ್ಕೆ. ಒಂಬತ್ತು ವರ್ಷದವರನ್ನು ಹೊಸಬರ ದರಕ್ಕೆ ಕೂರಿಸಿದ ಮೇಲೆ ಪಕ್ಕದ ಸೀಟಿನ ಅಮೆರಿಕನ್ ಏನಂತ ಸಂಬಳ ಕೇಳಬೇಕು? ಸ್ಥಳೀಯರಿಗೆ ಪೆಟ್ಟು ಬೀಳೋದು ನೀವು ಬಂದಿದ್ದಕ್ಕಲ್ಲ, ಬಿಟ್ಟುಹೋಗಲಾರದೆ ಬಾಯಿ ಮುಚ್ಚಿಕೊಂಡಿರೋದಕ್ಕೆ.

ಡಲ್ಲಾಸ್ ಗೌಡ: ಎಲ್ಲ ಬೊಗಳೆ. ನಾವು ಬಂದು ಇವರ ಕೆಲಸ ಹೆಚ್ಚಾಗಿದೆ.

ಅಂಕಿಅಂಶ: ಗೌಡ್ರೇ, ಅರ್ಥಶಾಸ್ತ್ರಜ್ಞರಾದ ಬೌಂಡ್, ಖನ್ನಾ, ಮೊರಾಲೆಸ್ ಅಧ್ಯಯನ ಓದಿ. ವಲಸೆ ಹೆಚ್ಚದಿದ್ದರೆ 2001ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳ ಸಂಬಳ ಶೇ 2.6ರಿಂದ 5.1ರಷ್ಟು ಜಾಸ್ತಿ ಇರುತ್ತಿತ್ತು.

ಡಲ್ಲಾಸ್ ಗೌಡ: ಅದೇ ಅಧ್ಯಯನದಲ್ಲಿ ಗ್ರಾಹಕರಿಗೆ, ಕಂಪನಿಗಳಿಗೆ ಲಾಭ ಅಂತಾನೂ ಇದೆ. ಅರ್ಧ ಓದಿ ಬರಬೇಡಿ.

ಅಂಕಿಅಂಶ: ಅದನ್ನ ಒರ್ಲಾಂಡೋದ ಡಿಸ್ನಿಯಲ್ಲಿ ಕೆಲಸ ಹೋದ 250 ಜನಕ್ಕೆ ಹೇಳಿ. ಬದಲಿಗೆ ಬಂದವರಿಗೆ ಅವರೇ ಕೆಲಸ ಕಲಿಸಿ ಹೋಗಬೇಕಾಯ್ತು.

ಜಯನಗರ ಜಾಣ: ಎಚ್-1ಬಿ ನಿಲ್ಲಿಸಿದರೆ ಕೆಲಸವೇ ಬೆಂಗಳೂರಿಗೆ ಬರುತ್ತೆ ಬಿಡಿ 😄 2004ರಲ್ಲಿ ವರ್ಷದ ವೀಸಾ ಮಿತಿ 1,95,000ದಿಂದ 65,000ಕ್ಕೆ ಇಳಿದಾಗ ಕಂಪನಿಗಳು ಭಾರತ, ಚೀನಾ, ಕೆನಡಾದಲ್ಲಿ ಜನ ತಗೊಂಡ್ರು. ಹೊರವರ್ತುಲ ರಸ್ತೆಯ ಟ್ರಾಫಿಕ್ ಸಾಕ್ಷಿ.



ಶಿರಸಿ ಭಟ್ಟ: ಫಾರ್ವರ್ಡ್ ಬಂದಿದೆ: ನಾಲ್ಕು ಕಂಪನಿಯಿಂದ ಹೆಸರು ಹಾಕಿಸಿದರೆ ಎಚ್-1ಬಿ ಲಾಟರಿ ಚಾನ್ಸ್ ನಾಲ್ಕು ಪಟ್ಟಂತೆ?

ವಕೀಲೆ: 2024ರಿಂದ ಆಯ್ಕೆ ವ್ಯಕ್ತಿಗೆ, ಅರ್ಜಿಗಲ್ಲ. ನಾಲ್ಕು ಹಾಕಿದರೂ ಚಾನ್ಸ್ ಹೆಚ್ಚಲ್ಲ. ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಹಾಕಿದರೆ ಅರ್ಜಿಯೇ ತಿರಸ್ಕಾರ. ಇಂಥ "ಉಪಾಯ" ಕಳಿಸುವವರು ನಿಮ್ಮ ಜೊತೆ ಸಂದರ್ಶನಕ್ಕೆ ಬಂದು ನಿಲ್ಲಲ್ಲ. ಅಳಿಸಿ.

ತುಮಕೂರು ಟೆಕ್ಕಿ: 1 ಲಕ್ಷ ಡಾಲರ್ ವಿಷಯ ಯಾರಾದ್ರೂ ಹೇಳಿ ಪ್ಲೀಸ್

ವಕೀಲೆ: ಮೇಲೆ ಓದಿ.

ಡಲ್ಲಾಸ್ ಗೌಡ: ಮೇಡಂ, ಡಿಸ್ನಿ ಮಾಡಿದ್ದು ಕಾನೂನುಬಾಹಿರ ಅಲ್ಲ ತಾನೆ?

ವಕೀಲೆ: ಕಾನೂನಿನ ತೂತೇ ಅದು. ಎಚ್-1ಬಿ ಮೇಲೇ ನಿಂತ ಕಂಪನಿಗಳು ಸ್ಥಳೀಯರನ್ನು ತೆಗೆದು ಆ ಜಾಗಕ್ಕೆ ಕೂರಿಸಲ್ಲ ಅಂತ ಮುಚ್ಚಳಿಕೆ ಕೊಡಬೇಕು. ವರ್ಷದ ಸಂಬಳ 60,000 ಡಾಲರ್ ಮುಟ್ಟಿದರೆ ಅದಕ್ಕೆ ವಿನಾಯಿತಿ. 1998ರಲ್ಲಿ ಇಟ್ಟ ಮೊತ್ತ, ಇನ್ನೂ ಅಲ್ಲೇ ಇದೆ.

ಅಂಕಿಅಂಶ: ಗೌಡ್ರೇ, ಈಗ?

ಡಲ್ಲಾಸ್ ಗೌಡ: ನಿಮ್ಮ ಗ್ರೀನ್ ಕಾರ್ಡ್ ಆಗಿದೆ, ಏಣಿ ಒದೀತಿದ್ದೀರಿ. ಅಷ್ಟೇ.

ಗುಬ್ಬಿ: ದೂರು ಕೊಟ್ಟರೆ ನನ್ನ ಹೆಸರು ಅವರಿಗೆ ಗೊತ್ತಾಗುತ್ತಾ?

ವಕೀಲೆ: ಇಲಾಖೆ ಗುಟ್ಟಾಗಿಡುತ್ತೆ. ಆದರೆ ಬೆಂಚ್‌ನಲ್ಲಿರೋದು ನೀವೊಬ್ಬರೇ ಆದರೆ ಅವರು ಊಹಿಸುತ್ತಾರೆ. ದೂರು ಕೊಟ್ಟಿದ್ದಕ್ಕೆ ತೆಗೆದರೆ ಅದು ಇನ್ನೊಂದು ಅಪರಾಧ. ಎಲ್‌ಸಿಎ ಪ್ರತಿ, ಕೊನೆಯ ಪೇ-ಸ್ಟಬ್ ನನಗೆ ಖಾಸಗಿಯಾಗಿ ಕಳಿಸಿ. ಇಲ್ಲಿ ಹಾಕಬೇಡಿ.